ತೌಡಿನಲ್ಲಿ ಅಡಗಿದ್ದ ಸಂಜೀವಿನಿ: ರಾಬರ್ಟ್ ವಿಲಿಯಮ್ಸರ ಜೀವನ

ಭತ್ತ ಕುಟ್ಟುವ ಮನೆಯಲ್ಲಿ ತೌಡಿಗಿರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಅಕ್ಕಿ ಒಲೆಯ ಮೇಲಿನ ಪಾತ್ರೆಗೆ ಹೋದರೆ ತೌಡು ಕಲಗಚ್ಚಿನ ಬಾನಿಗೆ ಹೋಗುತ್ತದೆ. ಅದನ್ನು ತಿಂದು ಹಸು ಎರಡು ಸೇರು ಹಾಲು ಹೆಚ್ಚಾಗಿ ಕರೆದರೆ ಅದೇ ಅದರ ಸಾರ್ಥಕ್ಯವೆಂದು ನಾವು ಸುಮ್ಮನಾಗುತ್ತೇವೆ. ಹೀಗೆ ನಾವು ಬೇಡವೆಂದು ತೆಗೆದುಹಾಕುವ ಆ ಕಂದು ಪುಡಿಯಲ್ಲಿ ಎಳೆಗೂಸಿನ ಹೃದಯ ಸೋತು ನಿಲ್ಲದಂತೆ ಕಾಯುವ ವಸ್ತುವೊಂದು ಅಡಗಿದೆಯೆಂದರೆ ಮೊದಲ ಸಲಕ್ಕೆ ನಂಬುವುದು ಕಷ್ಟ. ಆದರೂ ಇದು ಸತ್ಯ. ಈ ಸತ್ಯದ ಬೆನ್ನು ಹತ್ತಿ, ತಾರುಣ್ಯದಿಂದ ನಡುವಯಸ್ಸು ದಾಟುವವರೆಗೆ ದುಡಿದು, ಕೊನೆಗೆ ಆ ವಸ್ತುವನ್ನು ಲೋಕದ ಕೈಗಿತ್ತ ರಸಾಯನಶಾಸ್ತ್ರಜ್ಞರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ನನ್ನ ಉದ್ದೇಶ. ಅವರೇ ರಾಬರ್ಟ್ ರನ್ನೆಲ್ಸ್ ವಿಲಿಯಮ್ಸ್. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ರಸಾಯನಶಾಸ್ತ್ರ ದೂರದ ವಿಷಯವಾದರೂ, ಅನ್ನ, ತಾಯಿ, ಮಗು ಇವು ಯಾರಿಗೂ ದೂರದವಲ್ಲ.

ವಿಲಿಯಮ್ಸರು ಅಮೆರಿಕದವರಾದರೂ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ, 1886ರ ಫೆಬ್ರವರಿ 16ರಂದು. ಅವರ ತಂದೆ ಬ್ಯಾಪ್ಟಿಸ್ಟ್ ಪಂಥದ ಪಾದ್ರಿಗಳು. ಆ ಸೀಮೆಯ ರಾಮಪಟ್ಟಣದಲ್ಲಿದ್ದ ಧರ್ಮಶಿಕ್ಷಣ ಶಾಲೆಯ ಹೊಣೆ ಹೊತ್ತಿದ್ದವರು. ಹೀಗಾಗಿ ಬಾಲಕ ರಾಬರ್ಟನ ಎಳವೆ ತೆಲುಗು ಮಾತಿನ ನಡುವೆ, ಗದ್ದೆಬಯಲುಗಳ ನಡುವೆ ಕಳೆಯಿತು. ಅವನ ತಮ್ಮ ರೋಜರ್ ಹುಟ್ಟಿದ್ದು 1893ರಲ್ಲಿ, ಉದಕಮಂಡಲದಲ್ಲಿ. ಮುಂದೆ ಈ ತಮ್ಮನೂ ಪ್ಯಾಂಟೊಥೆನಿಕ್ ಆಮ್ಲವೆಂಬ ಮತ್ತೊಂದು ಜೀವಸತ್ವವನ್ನು ಕಂಡುಹಿಡಿದು ಹೆಸರಾದನು. ಒಂದೇ ಮನೆಯ ಇಬ್ಬರು ಮಕ್ಕಳು, ದಕ್ಷಿಣ ಭಾರತದ ಮಣ್ಣಿನಲ್ಲಿ ಹುಟ್ಟಿ, ಜೀವಸತ್ವಗಳ ಚರಿತ್ರೆಯಲ್ಲಿ ಸ್ಥಾನ ಪಡೆದದ್ದು ವಿಶೇಷವೇ ಸರಿ.

ರಾಬರ್ಟರು ಇನ್ನೂ ಬಾಲಕರಾಗಿದ್ದಾಗಲೇ ಸಂಸಾರ ಅಮೆರಿಕಕ್ಕೆ ಮರಳಿತು. ಕಾನ್ಸಾಸ್ ಸಂಸ್ಥಾನದ ಒಟ್ಟಾವ ಎಂಬ ಊರಿನಲ್ಲಿ ಓದಿ, ಅನಂತರ ಷಿಕಾಗೋ ವಿಶ್ವವಿದ್ಯಾನಿಲಯ ಸೇರಿ, 1907ರಲ್ಲಿ ಬಿ.ಎಸ್‌ಸಿ. ಪದವಿಯನ್ನೂ ಮರುವರ್ಷ ಎಂ.ಎಸ್‌ಸಿ. ಪದವಿಯನ್ನೂ ಪಡೆದರು. ಆಗ ಫಿಲಿಪ್ಪೀನ್ಸ್ ದ್ವೀಪಗಳು ಅಮೆರಿಕದ ಆಳ್ವಿಕೆಗೆ ಒಳಪಟ್ಟಿದ್ದವು. ಅಲ್ಲಿಗೆ ಮೊದಲು ಉಪಾಧ್ಯಾಯರಾಗಿ ಹೋದ ವಿಲಿಯಮ್ಸರು ಸ್ವಲ್ಪ ಕಾಲದಲ್ಲೇ ಮನಿಲಾ ನಗರದ ಸರ್ಕಾರಿ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಜ್ಞರಾಗಿ ನೇಮಕಗೊಂಡರು. ಅವರ ಬಾಳಿನ ದಿಕ್ಕನ್ನು ನಿಶ್ಚಯಿಸಿದ ಘಟನೆ ನಡೆದದ್ದು ಅಲ್ಲಿಯೇ.

ಅದನ್ನು ಹೇಳುವ ಮುನ್ನ ಬೆರಿಬೆರಿ ಎಂಬ ರೋಗದ ವಿಷಯವಾಗಿ ಒಂದೆರಡು ಮಾತು ಹೇಳಬೇಕು. ಅಕ್ಕಿಯುಣ್ಣುವ ಪೂರ್ವದೇಶಗಳಲ್ಲಿ ಇದು ಹಳೆಯ ರೋಗ. ಕಾಲುಗಳು ಜೋಮುಗಟ್ಟುವುದು, ನಡಿಗೆ ತಪ್ಪುವುದು, ಮೈ ಊದಿಕೊಳ್ಳುವುದು, ಕೊನೆಗೆ ಹೃದಯ ಹಿಗ್ಗಿ ಬಲಗುಂದಿ ರೋಗಿ ಸಾಯುವುದು—ಇವು ಅದರ ಲಕ್ಷಣಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರದ ಗಿರಣಿಗಳು ಬಂದು ಅಕ್ಕಿಯನ್ನು ಬೆಳ್ಳಗೆ ನುಣುಪು ಮಾಡತೊಡಗಿದ ಮೇಲೆ ಈ ರೋಗ ಸೆರೆಮನೆಗಳಲ್ಲಿ, ಸೈನ್ಯಗಳಲ್ಲಿ, ಹಡಗುಗಳಲ್ಲಿ ಕಾಡುಕಿಚ್ಚಿನಂತೆ ಹಬ್ಬಿತು. ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ಚರ ವೈದ್ಯರು, ನುಣುಪಾದ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಹೋಗದ ಅಕ್ಕಿ ಹಾಕಿದರೆ ಅವು ಮತ್ತೆ ಏಳುವುದನ್ನೂ ಕಂಡರು. ಈ ಶೋಧಕ್ಕಾಗಿ 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ತೌಡಿನಲ್ಲಿರುವ ಆ ವಸ್ತು ಯಾವುದು ಎಂಬುದು ವಿಲಿಯಮ್ಸರು ಮನಿಲಾಕ್ಕೆ ಬಂದಾಗ ಯಾರಿಗೂ ತಿಳಿದಿರಲಿಲ್ಲ.

ದೊಡ್ಡವರ ಬೆರಿಬೆರಿಯನ್ನು ಗುರುತಿಸುವುದು ವೈದ್ಯರಿಗೆ ಆ ವೇಳೆಗೆ ಅಭ್ಯಾಸವಾಗಿತ್ತು. ಗುರುತು ಸಿಕ್ಕದೆ ಕಾಡುತ್ತಿದ್ದದ್ದು ಹಸುಗೂಸುಗಳ ರೋಗ. ಎರಡು ಮೂರು ತಿಂಗಳ ಮಗು. ನಿನ್ನೆಯವರೆಗೆ ಮೈತುಂಬಿಕೊಂಡು ಆಡುತ್ತಿದ್ದದ್ದು. ಇದ್ದಕ್ಕಿದ್ದಂತೆ ಮೊಲೆ ಬಿಡುತ್ತದೆ, ಕಕ್ಕುತ್ತದೆ, ಸಮಾಧಾನವಿಲ್ಲದೆ ಚೀರುತ್ತದೆ. ಆಮೇಲೆ ದನಿ ಒಡೆದು, ಅತ್ತರೂ ಶಬ್ದವೇ ಹೊರಡದಂತಾಗುವುದೂ ಉಂಟು. ಉಸಿರು ಮೇಲುಮೇಲಕ್ಕೆ ಓಡುತ್ತದೆ, ತುಟಿ ನೀಲಿಗಟ್ಟುತ್ತದೆ, ಎದೆಯ ಬಡಿತ ಎಣಿಸಲಾರದಷ್ಟು ವೇಗವಾಗುತ್ತದೆ, ಯಕೃತ್ತು ಊದಿಕೊಳ್ಳುತ್ತದೆ. ಹೀಗೆ ತೊಡಗಿದ ಮಗು ಎಷ್ಟೋ ವೇಳೆ ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡುತ್ತಿತ್ತು. ಫಿಲಿಪ್ಪೀನ್ಸಿನ ಜನ ಇದನ್ನು ತಾವೊನ್ ಎಂದು ಕರೆಯುತ್ತಿದ್ದರು. ಪಾಶ್ಚಾತ್ಯ ವೈದ್ಯರು ಒಮ್ಮೆ ಇದನ್ನು ಶ್ವಾಸಕೋಶದ ಉರಿಯೂತವೆಂದೂ, ಇನ್ನೊಮ್ಮೆ ಮಿದುಳಿನ ರೋಗವೆಂದೂ ಬರೆದುಕೊಂಡು ಕೈ ಚೆಲ್ಲುತ್ತಿದ್ದರು.

ಅವರನ್ನು ಎಲ್ಲಕ್ಕಿಂತ ದಿಗ್ಭ್ರಮೆಗೊಳಿಸಿದ ಸಂಗತಿ ಮತ್ತೊಂದಿತ್ತು. ಎದೆಹಾಲು ಕುಡಿಯುವ ಮಗು ಬೇರೆ ಹಾಲಿನ ಮಗುವಿಗಿಂತ ಚೆನ್ನಾಗಿ ಬದುಕುತ್ತದೆಂಬುದು ಎಲ್ಲ ದೇಶಗಳ ಅನುಭವ. ಮನಿಲಾದಲ್ಲಿ ಈ ರೋಗಕ್ಕೆ ಬಲಿಯಾಗುತ್ತಿದ್ದದ್ದು ಎದೆಹಾಲಿನ ಮಕ್ಕಳೇ. ತಾಯಿಯನ್ನು ನೋಡಿದರೆ ಅವಳು ರೋಗಿಯಂತೆಯೂ ಕಾಣಳು. ಹೆಚ್ಚೆಂದರೆ ಕಾಲು ಜೋಮು, ಸ್ವಲ್ಪ ಆಯಾಸ. ಬಿಳಿಯ ಅನ್ನ, ಮೇಲಿಷ್ಟು ಮೀನು, ಇದು ಅವಳ ಊಟ. ಜಪಾನಿನಲ್ಲಿ ಹಿರೋಟ ಎಂಬ ವೈದ್ಯರು ಹಿಂದೆಯೇ ಇಂಥ ಮಕ್ಕಳ ರೋಗಕ್ಕೂ ತಾಯಿಯ ಬೆರಿಬೆರಿಗೂ ಸಂಬಂಧವುಂಟೆಂದು ತೋರಿಸಿದ್ದರು. ಮನಿಲಾದಲ್ಲಿ ಆಂಡ್ರೂಸ್ ಎಂಬ ವೈದ್ಯರು ಒಂದು ವಿಚಿತ್ರ ಪರೀಕ್ಷೆ ನಡೆಸಿದರು. ಮಗುವನ್ನು ಕಳೆದುಕೊಂಡ ತಾಯಂದಿರ ಎದೆಹಾಲನ್ನು ನಾಯಿಮರಿಗಳಿಗೆ ಕುಡಿಸಿದರು. ಮರಿಗಳ ಮೈ ಊದಿತು, ಕಾಲು ಸೋತಿತು. 1912ರಲ್ಲಿ ಇದರ ವರದಿ ಪ್ರಕಟವಾಯಿತು. ಹಾಲಿನಲ್ಲಿ ವಿಷವಿರಲಿಲ್ಲ, ಇರಬೇಕಾದದ್ದು ಇರಲಿಲ್ಲ. ತಾಯಿಯ ತಟ್ಟೆಯಲ್ಲಿ ಇಲ್ಲದ್ದು ಅವಳ ಹಾಲಿನಲ್ಲಿಯೂ ಇಲ್ಲವಾಗಿ, ಮಗುವಿನ ಪುಟ್ಟ ಹೃದಯದಲ್ಲಿ ಆ ಕೊರತೆ ಪ್ರಕಟವಾಗುತ್ತಿತ್ತು.

ಎಡ್ವರ್ಡ್ ವೆಡರ್ ಎಂಬುವರು ಆಗ ಮನಿಲಾದಲ್ಲಿದ್ದ ಅಮೆರಿಕದ ಸೇನಾವೈದ್ಯರು. ಅವರು ಮತ್ತು ಅವರ ಸಂಗಡಿಗರು ತೌಡನ್ನು ಸಾರಾಯಸತ್ತ್ವದಲ್ಲಿ ನೆನೆಹಾಕಿ, ಸೋಸಿ, ಕುದಿಸದೆ ಇಂಗಿಸಿ ಕಂದು ಬಣ್ಣದ ಗಟ್ಟಿ ಪಾಕ ತಯಾರಿಸಿದರು. ತೌಡಿಗೆ ಅಲ್ಲಿಯ ಮಾತಿನಲ್ಲಿ ಟಿಕಿಟಿಕಿ ಎಂದು ಹೆಸರು. ಪಾಕಕ್ಕೂ ಅದೇ ಹೆಸರಾಯಿತು. ಏದುಸಿರು ಬಿಡುತ್ತ ನೀಲಿಗಟ್ಟಿದ ಕೂಸಿನ ಬಾಯಿಗೆ ಇದನ್ನು ಹನಿಹನಿಯಾಗಿ ಬಿಟ್ಟರೆ, ಕೆಲವೇ ಗಂಟೆಗಳಲ್ಲಿ ಉಸಿರು ತಿಳಿಯಾಗಿ, ತುಟಿಗೆ ಕೆಂಪು ಮರಳಿ, ಮಗು ಮೊಲೆಗೆ ಬಾಯಿ ಹಾಕುತ್ತಿತ್ತು. ಇಲ್ಲಿ ಚಿಕಿತ್ಸೆಯೇ ರೋಗನಿರ್ಣಯವೂ ಆಯಿತೆಂಬುದನ್ನು ಗಮನಿಸಬೇಕು. ಹನಿ ಬಿದ್ದ ಕೂಡಲೆ ಹೃದಯ ಚೇತರಿಸಿಕೊಂಡರೆ, ಸೋಲಿಗೆ ಕಾರಣ ಈ ಕೊರತೆಯೇ ಹೊರತು ಹುಟ್ಟುದೋಷವೂ ಅಲ್ಲ, ಸೋಂಕೂ ಅಲ್ಲ.

1910ರಲ್ಲಿ ವೆಡರರು ತೌಡಿನ ಈ ಸಾರವನ್ನು ಇಪ್ಪತ್ತನಾಲ್ಕು ವರ್ಷದ ವಿಲಿಯಮ್ಸರ ಕೈಗೆ ಕೊಟ್ಟು, ಇದರಲ್ಲಿ ಪ್ರಾಣ ಉಳಿಸುವ ವಸ್ತು ಯಾವುದೆಂದು ಹುಡುಕಿಕೊಡಲು ಕೇಳಿದರು. ವಿಲಿಯಮ್ಸರು ಮೊದಲು ಕಾಲು ಸೋತ ಕೋಳಿಮರಿಗಳ ಮೇಲೆ ಪರೀಕ್ಷೆ ಮಾಡಿದರು. ಅವು ಎದ್ದು ಓಡಾಡಿದವು. ಸಾವಿನ ದವಡೆಯಿಂದ ಮಕ್ಕಳು ಮರಳುವುದನ್ನೂ ಕಂಡರು. ಆ ನೋಟ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಕಂದು ಪಾಕ ಒಳ್ಳೆಯದೇ ಸರಿ. ಆದರೆ ಒಂದು ಸಲ ತಯಾರಿಸಿದ್ದರ ಬಲ ಇನ್ನೊಂದು ಸಲದ್ದಕ್ಕೆ ಇರುತ್ತಿರಲಿಲ್ಲ, ಬಹುಕಾಲ ಕೆಡದೆ ಉಳಿಯುವ ಭರವಸೆಯೂ ಇರಲಿಲ್ಲ. ಗಂಟೆಗಳ ಲೆಕ್ಕದಲ್ಲಿ ಸಾಯುವ ಮಗುವಿಗೆ ಅಳತೆ ತಪ್ಪದ, ಶುದ್ಧವಾದ ಮದ್ದು ಬೇಕು. ಅದು ಯಾವ ವಸ್ತುವೆಂದು ತಿಳಿಯದೆ ಅದನ್ನು ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಹೊತ್ತ ತರುಣ ಅದನ್ನು ಇಳಿಸಿದ್ದು ತನ್ನ ಐವತ್ತನೆಯ ವರ್ಷದಲ್ಲಿ.

1915ರಲ್ಲಿ ವಿಲಿಯಮ್ಸರು ಸ್ವದೇಶಕ್ಕೆ ಮರಳಿ ಸರ್ಕಾರದ ರಸಾಯನ ಇಲಾಖೆಯನ್ನು ಸೇರಿದರು. ಮರುವರ್ಷ ಅವರು ಹೈಡ್ರಾಕ್ಸಿಪಿರಿಡೀನ್ ಎಂಬ ಜಾತಿಯ ವಸ್ತುಗಳಲ್ಲಿ ಬೆರಿಬೆರಿಯನ್ನು ಗುಣಪಡಿಸುವ ಶಕ್ತಿಯಿದೆಯೆಂದು ಪ್ರಕಟಿಸಿದರು. ಆ ದಾರಿ ಸುಳ್ಳೆಂದು ಕ್ರಮೇಣ ತಿಳಿಯಿತು. ಎಷ್ಟೋ ಜನ ಇಂಥ ಪೆಟ್ಟಿನಿಂದಲೇ ಹಿಮ್ಮೆಟ್ಟುತ್ತಾರೆ. ಇವರು ಹಿಮ್ಮೆಟ್ಟಲಿಲ್ಲ. ಆದರೆ ಸಂಸಾರ ಸಾಗಬೇಕು. 1919ರಲ್ಲಿ ಟೆಲಿಫೋನ್ ಉಪಕರಣಗಳ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಮುಂದೆ ಹೆಸರಾಂತ ಬೆಲ್ ಪ್ರಯೋಗಶಾಲೆಯಲ್ಲಿ ರಸಾಯನ ವಿಭಾಗದ ನಿರ್ದೇಶಕರಾದರು. ಹಗಲೆಲ್ಲ ಸಮುದ್ರದಡಿಯ ತಂತಿಗಳಿಗೆ ಹೊದಿಸುವ ರಬ್ಬರಿನಂಥ ವಸ್ತುಗಳ ಚಿಂತೆ. ಸಂಜೆ ಮನೆಗೆ ಬಂದ ಮೇಲೆ ತೌಡಿನ ಚಿಂತೆ. ಮೋಟಾರು ನಿಲ್ಲಿಸುವ ಕೊಟ್ಟಿಗೆಯೇ ಪ್ರಯೋಗಶಾಲೆಯಾಯಿತು. ಬಟ್ಟೆಯೊಗೆಯುವ ಯಂತ್ರವೇ ದ್ರಾವಣವನ್ನು ಬೇರ್ಪಡಿಸುವ ಚಕ್ರವಾಯಿತು. ಖರ್ಚು ಬಹುಕಾಲ ಸ್ವಂತ ಜೇಬಿನದು. ವಾಟರ್‌ಮನ್ ಮೊದಲಾದ ಗೆಳೆಯರು ಬಿಡುವಿನ ವೇಳೆಯಲ್ಲಿ ಬಂದು ಹೆಗಲು ಕೊಟ್ಟರು. ಅನಂತರ ಕಾರ್ನೆಗೀ ಸಂಸ್ಥೆಯ ಧನಸಹಾಯವೂ, ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಸ್ಥಳವೂ ದೊರೆತವು.

ಈ ನಡುವೆ 1926ರಲ್ಲಿ, ಹಿಂದೆ ಐಕ್‌ಮನ್ನರು ದುಡಿದಿದ್ದ ಜಾವಾದ ಪ್ರಯೋಗಶಾಲೆಯಲ್ಲಿಯೇ, ಯಾನ್ಸೆನ್ ಮತ್ತು ಡೊನಾತ್ ಎಂಬಿಬ್ಬರು ಆ ವಸ್ತುವಿನ ಹರಳುಗಳನ್ನು ಮೊದಲ ಬಾರಿಗೆ ಪಡೆದರು. ಆದರೆ ಅದರ ರಚನೆಯನ್ನು ಬಿಡಿಸಲು ಸಾಲುವಷ್ಟು ಹರಳು ಸಿಕ್ಕಲಿಲ್ಲ. ಒಂದು ಟನ್ ತೌಡಿನಿಂದ ಕೈಗೆ ಬರುವುದು ಕೆಲವೇ ಗ್ರಾಮು. ಅದರಲ್ಲಿಯೂ ಬಹುಪಾಲು ಶುದ್ಧಿ ಮಾಡುವಾಗಲೇ ನಷ್ಟವಾಗುತ್ತಿತ್ತು. ವಿಲಿಯಮ್ಸರ ಬಳಗ ಒಂದು ಉಪಾಯ ಕಂಡಿತು. ತೌಡಿನ ಕಷಾಯದಲ್ಲಿರುವ ಜೀವಸತ್ವ ಒಂದು ಬಗೆಯ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ, ಬಿಡಿಸುವುದೇ ಕಷ್ಟ. ಮಲೇರಿಯಾಕ್ಕೆ ಕೊಡುವ ಕ್ವಿನೈನಿನ ದ್ರಾವಣವನ್ನು ಹಾಯಿಸಿದರೆ, ಕ್ವಿನೈನ್ ತಾನು ಮಣ್ಣಿಗೆ ಅಂಟಿಕೊಂಡು ಜೀವಸತ್ವವನ್ನು ಹೊರಕ್ಕೆ ತಳ್ಳಿತು. 1933ರ ಸುಮಾರಿಗೆ ಹರಳುಗಳು ಸಾಕಷ್ಟು ಪ್ರಮಾಣದಲ್ಲಿ ದೊರೆಯತೊಡಗಿದವು.

ಮುಂದಿನದು ರಚನೆಯ ಒಗಟು. ಈ ವಸ್ತುವಿನಲ್ಲಿ ಗಂಧಕವಿದೆಯೆಂದು ಜರ್ಮನಿಯ ವಿಂಡೌಸರ ಪ್ರಯೋಗಶಾಲೆಯಲ್ಲಿ ಗೊತ್ತಾಗಿತ್ತು. ವಿಲಿಯಮ್ಸರು ಸಲ್ಫೈಟ್ ಎಂಬ ಲವಣವನ್ನು ಬೆರೆಸಿದಾಗ ಅಣು ಅಚ್ಚುಕಟ್ಟಾಗಿ ಎರಡು ಹೋಳಾಯಿತು. ಒಂದೊಂದು ಹೋಳನ್ನೂ ಬೇರೆಬೇರೆಯಾಗಿ ಅರಿತು, 1936ರಲ್ಲಿ ಕ್ಲೈನ್ ಎಂಬ ಸಹಾಯಕರೊಡನೆ ಅವೆರಡನ್ನೂ ಪ್ರಯೋಗಶಾಲೆಯಲ್ಲಿಯೇ ಕಟ್ಟಿ ಜೋಡಿಸಿದರು. ತೌಡಿನ ಸೋಂಕಿಲ್ಲದೆ ತಯಾರಾದ ಜೀವಸತ್ವ ತೌಡಿನದರಂತೆಯೇ ಕೆಲಸ ಮಾಡಿತು. ಗಂಧಕವಿರುವುದನ್ನು ಸೂಚಿಸುವಂತೆ ಅದಕ್ಕೆ ಥಯಮಿನ್ ಎಂಬ ಹೆಸರನ್ನಿತ್ತವರೂ ಅವರೇ. ಇದೇ ಬಿ–ಒಂದನೆಯ ಜೀವಸತ್ವ. ತೌಡಿನಿಂದ ತೆಗೆದ ಹರಳು ಬಂಗಾರಕ್ಕಿಂತ ಎಷ್ಟೋ ಪಾಲು ದುಬಾರಿಯಾಗಿತ್ತು. ಕಾರ್ಖಾನೆಯಲ್ಲಿ ತಯಾರಾದ ಮೇಲೆ ಅದು ಬಡವನ ಕೂಸಿಗೂ ಎಟುಕುವಂತಾಯಿತು.

ಈ ಪುಟ್ಟ ವಸ್ತು ಮಾಡುವ ಕೆಲಸವೇನು? ಅನ್ನದ ಪಿಷ್ಟವನ್ನು ಮೈ ಉರಿಸಿ ಶಕ್ತಿಯಾಗಿ ಮಾಡಿಕೊಳ್ಳಬೇಕಾದರೆ ಥಯಮಿನ್ ಬೇಕು. ದೊಡ್ಡವರಿಗೆ ದಿನಕ್ಕೆ ಒಂದು ಮಿಲಿಗ್ರಾಮಿನಷ್ಟಾದರೆ ಸಾಕು. ಆದರೆ ಮೈಯಲ್ಲಿ ಅದರ ಸಂಗ್ರಹ ಎರಡು ಮೂರು ವಾರಗಳಿಗಿಂತ ಹೆಚ್ಚು ಬಾರದು. ಹೃದಯ ಒಂದು ಕ್ಷಣವೂ ವಿಶ್ರಾಂತಿಯಿಲ್ಲದೆ ದುಡಿಯುವ ಅಂಗವಾದುದರಿಂದ ಕೊರತೆಯ ಪೆಟ್ಟು ಅದಕ್ಕೆ ಬಲವಾಗಿ ತಗಲುತ್ತದೆ. ಬೆಳೆಯುವ ಕೂಸಿಗಂತೂ ತಾಯಿಯ ಹಾಲಲ್ಲದೆ ಬೇರೆ ಆಸರೆಯಿಲ್ಲ.

ಶೋಧ ಮುಗಿದ ಮೇಲೆ ಅನೇಕರು ಕೀರ್ತಿಯನ್ನುಣ್ಣುತ್ತ ಕೂರುತ್ತಾರೆ. ವಿಲಿಯಮ್ಸರ ಬಾಳಿನ ಉತ್ತರಾರ್ಧ ಆರಂಭವಾದದ್ದೇ ಆಗ. ಪೇಟೆಂಟಿನಿಂದ ಬಂದ ಹಣದ ಬಹುಭಾಗವನ್ನು ವಿಲಿಯಮ್ಸ್–ವಾಟರ್‌ಮನ್ ನಿಧಿಯೆಂಬ ಹೆಸರಿನಲ್ಲಿ ಆಹಾರದ ಕೊರತೆಯ ರೋಗಗಳ ವಿರುದ್ಧ ಹೋರಾಡುವುದಕ್ಕೆ ಬಿಟ್ಟುಕೊಟ್ಟರು. 1941ರಲ್ಲಿ ಅಮೆರಿಕದಲ್ಲಿ ಗೋಧಿಹಿಟ್ಟಿಗೂ ರೊಟ್ಟಿಗೂ ಜೀವಸತ್ವಗಳನ್ನು ಸೇರಿಸುವ ಪದ್ಧತಿ ಬಂದಾಗ ಅದರ ಮುಂದಾಳುಗಳಲ್ಲಿ ಅವರೂ ಒಬ್ಬರು. ಯುದ್ಧ ಮುಗಿದ ಮೇಲೆ ಅವರ ಮನಸ್ಸು ಮತ್ತೆ ಫಿಲಿಪ್ಪೀನ್ಸಿನ ಕಡೆಗೇ ತಿರುಗಿತು. 1940ರ ದಶಕದ ಕೊನೆಯಲ್ಲಿ, ಅಲ್ಲಿಯ ವೈದ್ಯರಾದ ಸಾಲ್ಸೆಡೊ ಅವರ ಜೊತೆಗೂಡಿ, ಬಾಟಾನ್ ಪ್ರಾಂತ್ಯದಲ್ಲಿ ದೊಡ್ಡ ಪ್ರಯೋಗ ನಡೆಸಿದರು. ಥಯಮಿನ್ ಮೊದಲಾದುವನ್ನು ಲೇಪಿಸಿದ ಅಕ್ಕಿಯ ಒಂದು ಪಾಲನ್ನು ಇನ್ನೂರು ಪಾಲು ಸಾಧಾರಣ ಅಕ್ಕಿಗೆ ಬೆರೆಸಿ ಪ್ರಾಂತ್ಯದ ಒಂದು ಭಾಗದಲ್ಲಿ ಮಾರಿಸಿದರು. ಆ ಭಾಗದಲ್ಲಿ ಬೆರಿಬೆರಿಯ ಸಾವು ತೀರ ಇಳಿದುಹೋಯಿತು. 1952ರಲ್ಲಿ ಇದಕ್ಕಾಗಿ ಕಾನೂನೂ ಆಯಿತು. ಆದರೆ ಗಿರಣಿಯವರ ವಿರೋಧದಿಂದ ಅದು ಸರಿಯಾಗಿ ಜಾರಿಗೆ ಬರಲಿಲ್ಲ. ಅಣುವಿನ ಒಗಟನ್ನು ಬಿಡಿಸಿದವರಿಗೂ ವ್ಯಾಪಾರದ ಗಂಟನ್ನು ಬಿಡಿಸುವುದು ಸುಲಭವಾಗಲಿಲ್ಲ. ಈ ಹೋರಾಟದ ಕಥೆಯನ್ನು ಅವರು 1961ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿ, 1965ರ ಅಕ್ಟೋಬರ್ 2ರಂದು ನ್ಯೂಜರ್ಸಿಯಲ್ಲಿ ಕಾಲವಾದರು. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ.

ಅವರು ಹುಟ್ಟಿದ ಆಂಧ್ರದ ಕರಾವಳಿಯೇ ಒಂದು ಕಾಲದಲ್ಲಿ ಬೆರಿಬೆರಿಗೆ ಹೆಸರಾಗಿತ್ತು. ಗಿರಣಿಯ ಬೆಳ್ತಿಗೆ ಅಕ್ಕಿಯನ್ನುಣ್ಣುವ ಅಲ್ಲಿಯವರಿಗೆ ರೋಗ ತಗಲಿದರೆ, ಕುಚ್ಚಲಕ್ಕಿ ಉಣ್ಣುವ ಸೀಮೆಗಳವರು ಬಹುಮಟ್ಟಿಗೆ ಪಾರಾಗುತ್ತಿದ್ದರು. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸುವಾಗ ಹೊರಪದರದ ಥಯಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಪೂರಾ ಹೋಗುವುದಿಲ್ಲ. ನಮ್ಮ ದಕ್ಷಿಣ ಕನ್ನಡದ ಅಜ್ಜಿಯರು ಅಣುರಚನೆಯನ್ನು ಅರಿಯದಿದ್ದರೂ ಅನ್ನವನ್ನು ಅರಿತಿದ್ದರು.

ಈ ಕಥೆ ಇಲ್ಲಿಗೆ ಮುಗಿಯಿತೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಬೆರಿಬೆರಿ ಹಳೆಯ ಪುಸ್ತಕಗಳ ರೋಗವೆಂದು ವೈದ್ಯರೇ ಮರೆಯುತ್ತಿದ್ದ ಕಾಲದಲ್ಲಿ, ಇತ್ತೀಚಿನ ವರ್ಷಗಳಲ್ಲಿ, ಕಾಶ್ಮೀರದಿಂದಲೂ ನಮ್ಮ ಕರ್ನಾಟಕದಿಂದಲೂ ಮಕ್ಕಳ ವೈದ್ಯರು ವರದಿಗಳನ್ನು ಪ್ರಕಟಿಸಿದ್ದಾರೆ. ಎದೆಹಾಲನ್ನು ಮಾತ್ರ ಕುಡಿಯುವ ಎರಡು ಮೂರು ತಿಂಗಳ ಶಿಶುಗಳು. ಏದುಸಿರು, ವಾಂತಿ, ಎಡೆಬಿಡದ ಅಳು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಹಿಗ್ಗಿ ಸೋತಿರುವುದು. ರಕ್ತನಾಳದ ಮೂಲಕ ಥಯಮಿನ್ ಕೊಟ್ಟೊಡನೆ, ಮನಿಲಾದ ಮಕ್ಕಳಂತೆಯೇ, ಗಂಟೆಗಳಲ್ಲಿ ಚೇತರಿಕೆ. ತಾಯಂದಿರ ಊಟವನ್ನು ವಿಚಾರಿಸಿದರೆ ಬಾಣಂತಿ ಪಥ್ಯ: ನುಣುಪಾದ ಬಿಳಿ ಅಕ್ಕಿಯನ್ನು ಮತ್ತೆಮತ್ತೆ ತೊಳೆದು, ಗಂಜಿ ಬಸಿದ ಅನ್ನ, ಬೇಳೆಕಾಳು ಬೇಡ, ಸೊಪ್ಪು ತರಕಾರಿ ಬೇಡ. ತೊಳೆದ ನೀರಿನಲ್ಲಿ ಸ್ವಲ್ಪ, ಬಸಿದ ಗಂಜಿಯಲ್ಲಿ ಸ್ವಲ್ಪ, ಹೀಗೆ ಅಳಿದುಳಿದ ಥಯಮಿನ್ನೂ ಹೋಗುತ್ತದೆ. ಪಥ್ಯ ಹೇಳುವ ಹಿರಿಯರ ಪ್ರೀತಿಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ತಟ್ಟೆಯಲ್ಲಿ.

ರಕ್ತದಲ್ಲಿ ಈ ಜೀವಸತ್ವವನ್ನು ಅಳೆಯುವ ಸೌಕರ್ಯ ಸಾಧಾರಣ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಇದ್ದರೂ ಫಲಿತಾಂಶ ಬರುವವರೆಗೆ ಮಗು ಕಾಯಲಾರದು. ಆದುದರಿಂದ ಸಂದೇಹ ಬಂದ ಕೂಡಲೆ ಥಯಮಿನ್ ಕೊಡುವುದು, ಅದರ ಫಲದಿಂದಲೇ ರೋಗವನ್ನು ನಿಶ್ಚಯಿಸುವುದು, ಇದೇ ಇಂದಿಗೂ ವೈದ್ಯರ ದಾರಿ. ಸಂದೇಹ ಬರಬೇಕಾದರೆ ಮಗುವಿನ ಎದೆಗೆ ನಳಿಕೆ ಹಿಡಿದರೆ ಮಾತ್ರ ಸಾಲದು. ತಾಯಿಯನ್ನು ಕರೆದು, ಏನು ಉಂಡೆಯಮ್ಮ ಎಂದು ಕೇಳಬೇಕು. ಅಂಥ ಮಗುವಿಗೆ ಎದೆಹಾಲು ಬಿಡಿಸಬೇಕಾಗಿಲ್ಲ. ತಾಯಿಗೆ ಮದ್ದನ್ನೂ ಬೇಳೆ ಸೊಪ್ಪುಗಳಿಂದ ಕೂಡಿದ ಊಟವನ್ನೂ ಕೊಟ್ಟರೆ ಅವಳ ಹಾಲು ಮತ್ತೆ ಅಮೃತವಾಗುತ್ತದೆ.

ವಿಲಿಯಮ್ಸರಿಗೆ ನೊಬೆಲ್ ಪಾರಿತೋಷಕ ಬರಲಿಲ್ಲ; ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಅಷ್ಟಾಗಿ ಕಾಣದು. ಆದರೆ ನೀಲಿಗಟ್ಟಿದ ಕೂಸೊಂದು ಸೂಜಿಮದ್ದಿನಿಂದ ಕಣ್ಣು ತೆರೆದಾಗಲೆಲ್ಲ ಅವರ ಇಪ್ಪತ್ತಾರು ವರ್ಷಗಳ ತಪಸ್ಸು ಫಲಿಸುತ್ತದೆ. ಅವರ ಋಣವನ್ನು ತೀರಿಸಲು ನಾವೆಲ್ಲ ರಸಾಯನಶಾಸ್ತ್ರಜ್ಞರಾಗಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿದ್ದರೆ, ಅವಳ ತಟ್ಟೆಗೆ ಒಂದು ಸೌಟು ಬೇಳೆ, ಒಂದು ಹಿಡಿ ಸೊಪ್ಪು ಬೀಳುವಂತೆ ಅಮ್ಮನಿಗೂ ಅಜ್ಜಿಗೂ ವಿನಯದಿಂದ ತಿಳಿಹೇಳಿದರೆ ಸಾಕು. ನೆಲ್ಲೂರಿನಲ್ಲಿ ಹುಟ್ಟಿದ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದೇ.